ಇಮ್ಯಾಟಿನಿಬ್: ವಾಕರಿಕೆ, ಏಕಾದಶಿ, ಚಕ್ಕೋತ

ಪ್ರಶ್ನೆ (ಬಸವನಗುಡಿ): ಅಮ್ಮನಿಗೆ ಸಿಎಂಎಲ್ ರಕ್ತ ಕ್ಯಾನ್ಸರ್. ದಿನಕ್ಕೊಂದು 400 ಮಿ.ಗ್ರಾಂ. ಇಮ್ಯಾಟಿನಿಬ್. ನುಂಗಿದ ಮೇಲೆ ವಾಕರಿಕೆ, ರಾತ್ರಿ ಮೀನಖಂಡ ಹಿಡ್ಕೊಳ್ಳುತ್ತೆ. ಏಕಾದಶಿ ಉಪವಾಸಕ್ಕೆ ಒಂದು ದಿನ ಬಿಡಬಹುದಾ?

ಉತ್ತರ 1: ದಯವಿಟ್ಟು ಬಿಡಬೇಡಿ. ಈ ಕ್ಯಾನ್ಸರ್ ಬೆಳೆಸುವ ಬಿಸಿಆರ್-ಎಬಿಎಲ್ ಪ್ರೋಟೀನನ್ನು ದಿನವೂ ಅದುಮಿಟ್ಟರೇ ಈ ಔಷಧಿ ಕೆಲಸ ಮಾಡೋದು. ಪದೇಪದೇ ತಪ್ಪಿದರೆ ರೋಗ ಹತೋಟಿ ಮೀರುತ್ತೆ. ಖಾಲಿ ಹೊಟ್ಟೆಗೆ ಮಾತ್ರೆ ಬಿದ್ದರೆ ಜಠರ ಕೆರಳುತ್ತೆ, ವಾಕರಿಕೆ ಅದರಿಂದಲೇ ಇರಬಹುದು. ದಿನದ ದೊಡ್ಡ ಊಟದ ಜೊತೆ, ದೊಡ್ಡ ಲೋಟ ತುಂಬ ನೀರಲ್ಲಿ ಕೊಡಿ. ನುಂಗಿದ ತಕ್ಷಣ ಮಲಗೋದು ಬೇಡ. ಏಕಾದಶಿಗೆ ಅವಲಕ್ಕಿ ಉಪ್ಪಿಟ್ಟಾದರೂ ತಿನ್ನಲಿ. ಮರೆತರೆ ಮರುದಿನ ಎರಡು ಕೊಡಬೇಡಿ.

ಉತ್ತರ 2: ದೇವನಹಳ್ಳಿ ಚಕ್ಕೋತ ಮನೆಗೆ ಬಂದರೆ ಅಮ್ಮನಿಗೆ ಬೇಡ. ಗ್ರೇಪ್‌ಫ್ರೂಟ್ ಹಾಗೆ ಅದೂ ಔಷಧಿ ಕರಗಿಸುವ ಕಿಣ್ವವನ್ನು ತಡೆದು ರಕ್ತದಲ್ಲಿ ಪ್ರಮಾಣ ಏರಿಸಬಹುದು. ಮೀನಖಂಡಕ್ಕೆ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಪರೀಕ್ಷೆ ಕೇಳಿ. ಬೆಳಗ್ಗೆ ತೂಕ ನೋಡಿ: ಕೆಲವೇ ದಿನದಲ್ಲಿ ಎರಡು ಕೆಜಿ ಏರಿದರೆ ಅಥವಾ ಉಸಿರು ಕಟ್ಟಿದರೆ ನೀರು ತುಂಬುತ್ತಿರಬಹುದು, ತಕ್ಷಣ ವೈದ್ಯರಿಗೆ ಹೇಳಿ. ಕಣ್ಣಿನ ಸುತ್ತ ಸ್ವಲ್ಪ ಊತ ಸಾಮಾನ್ಯ.

ಉತ್ತರ 3: 3 ತಿಂಗಳಿಗೊಮ್ಮೆ ಪಿಸಿಆರ್ (ರಕ್ತದಲ್ಲಿ ಬಿಸಿಆರ್-ಎಬಿಎಲ್ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ) ಮಾಡಿಸಿ, ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ. ಔಷಧಿ ಶುರುವಾಗಿ 3 ತಿಂಗಳಿಗೆ ಆ ಪ್ರಮಾಣ ಶೇ. 10ಕ್ಕಿಂತ, ವರ್ಷಕ್ಕೆ ಶೇ. 0.1ಕ್ಕಿಂತ ಕೆಳಗಿರಬೇಕು. ಹಳೇ ರಿಪೋರ್ಟ್ ಒಂದನ್ನೂ ಎಸೆಯಬೇಡಿ.