ಬೆನ್ನುಮೂಳೆಯಲ್ಲಿ ಗಡ್ಡೆ, ಪಿಟಿಎಚ್ ಜಾಸ್ತಿ: ಮೊದಲು ಯಾವ ಆಪರೇಷನ್?

ಪ್ರಶ್ನೆ, ಮಂಡ್ಯದಿಂದ: ಅಮ್ಮನಿಗೆ 52. ಎಂಆರ್‌ಐನಲ್ಲಿ ಡಿ8 ಅಂದ್ರೆ ಎದೆ ಮಟ್ಟದ ಎಂಟನೇ ಬೆನ್ನುಮೂಳೆಯಲ್ಲಿ ಗಡ್ಡೆ ಕಂಡಿದೆ. ಬಯಾಪ್ಸಿಯಲ್ಲಿ 'ಜೈಂಟ್ ಸೆಲ್' (ದೈತ್ಯ ಕೋಶಗಳು) ಅಂತ ಬಂತು. ರಕ್ತದಲ್ಲಿ ಕ್ಯಾಲ್ಸಿಯಂ 11.9, ಪಿಟಿಎಚ್ (ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು) 840, ಎರಡೂ ಜಾಸ್ತಿ. ಕಿಡ್ನಿ ಸರಿಯಿದೆ, ನಡೀತಾರೆ. ಪ್ಯಾರಾಥೈರಾಯ್ಡ್‌ನಿಂದ ಬಂದ ಬ್ರೌನ್ ಟ್ಯೂಮರ್, ಅಂದ್ರೆ ಆ ಹಾರ್ಮೋನು ಜಾಸ್ತಿಯಾಗಿ ಮೂಳೆ ಕರಗಿದ ಜಾಗದಲ್ಲಿ ಆಗೋ ಕ್ಯಾನ್ಸರ್ ಅಲ್ಲದ ಗಡ್ಡೆ ಇರಬಹುದು ಅಂತಾರೆ. ಬೆನ್ನಿಗೆ ಮೊದಲಾ, ಕುತ್ತಿಗೆಗೆ ಮೊದಲಾ? ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಂತಾರಲ್ಲ, ಮುದ್ದೆ ಬಿಡಿಸಬೇಕಾ?

ಮೂಳೆ ವಿಭಾಗದವರು, ಮೈಸೂರು: ತೀರ್ಮಾನ ಮಾಡೋದು ಕಾಲಿನ ಬಲ. ಕಾಲು ಸೋತರೆ, ಮೂತ್ರ ಕಟ್ಟಿದರೆ, ಸೊಂಟದ ಕೆಳಗೆ ಜೋಮು ಏರುತ್ತಾ ಬಂದರೆ ಅವತ್ತೇ ಆಸ್ಪತ್ರೆಗೆ. ಆಗ ನರದ ಮೇಲಿನ ಒತ್ತಡ ತೆಗೆದು ಸ್ಕ್ರೂ-ರಾಡ್ ಹಾಕೋದೇ ಮೊದಲು. ನರ ಒತ್ತಿಲ್ಲ, ಮೂಳೆ ಕುಸಿದಿಲ್ಲ ಅಂದ್ರೆ ಕುತ್ತಿಗೆಯ ಗ್ರಂಥಿ ತೆಗೆಸಿ. ಮೂಲ ಹೋದ ಮೇಲೆ ಗಡ್ಡೆ ಇದ್ದ ಜಾಗದಲ್ಲಿ ತಿಂಗಳುಗಟ್ಟಲೆ ನಿಧಾನವಾಗಿ ಮೂಳೆ ತುಂಬಿಕೊಳ್ಳುತ್ತೆ. ಬರೀ ಬಯಾಪ್ಸಿ ನೋಡಿದರೆ ಜೈಂಟ್ ಸೆಲ್ ಟ್ಯೂಮರ್ ಅನ್ನೋ ಬೇರೆ ಮೂಳೆ ಗಡ್ಡೆಗೂ ಬ್ರೌನ್ ಟ್ಯೂಮರ್‌ಗೂ ವ್ಯತ್ಯಾಸ ಸಿಗಲ್ಲ. ಪೆಥಾಲಜಿಯವರಿಗೆ ಕ್ಯಾಲ್ಸಿಯಂ, ಪಿಟಿಎಚ್ ರಿಪೋರ್ಟನ್ನೂ ಕೊಡಿ. ಇಲ್ಲದಿದ್ದರೆ ಬೇಡದ ದೊಡ್ಡ ಆಪರೇಷನ್‌ಗೆ ದಾರಿಯಾಗುತ್ತೆ. ಅಲ್ಲಿವರೆಗೆ ಭಾರ ಎತ್ತಿಸಬೇಡಿ. ಸ್ಕೂಟರ್ ಹಿಂದೆ ಕೂರಿಸಿಕೊಂಡು ಹಂಪ್ ಹಾರಿಸೋದಂತೂ ಬೇಡವೇ ಬೇಡ, ಟೊಳ್ಳಾದ ಮೂಳೆ ಅಷ್ಟಕ್ಕೇ ಕುಸಿಯಬಹುದು.

ಲ್ಯಾಬ್‌ನವರು, ಮಂಡ್ಯ: ಆಲ್ಬುಮಿನ್ (ಕ್ಯಾಲ್ಸಿಯಂ ಅಂಟಿಕೊಳ್ಳೋ ರಕ್ತದ ಪ್ರೋಟೀನ್) ಎಷ್ಟಿದೆ ನೋಡಿದ್ರಾ? 4ರಿಂದ ಅದನ್ನು ಕಳೆದು, ಉಳಿದದ್ದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಕೂಡಿಸಿ. ಆಲ್ಬುಮಿನ್ 3 ಇದ್ದರೆ ನಿಮ್ಮ 11.9 ನಿಜವಾಗಿ 12.7. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ತಿದ್ದರೆ ಮುಂದಿನ ಪರೀಕ್ಷೆಗೆ ಮೊದಲು ಲ್ಯಾಬ್‌ಗೆ ತಿಳಿಸಿ, ಕೆಲವು ಮೆಷಿನ್‌ಗಳಲ್ಲಿ ಪಿಟಿಎಚ್ ಸುಳ್ಳು ಕಮ್ಮಿ ತೋರಿಸುತ್ತೆ. ಫಾಸ್ಫರಸ್, ಎಎಲ್‌ಪಿ (ಮೂಳೆ ಸವೆತ-ಕಟ್ಟುವಿಕೆ ಜೋರಾದಾಗ ಏರೋ ಕಿಣ್ವ), ವಿಟಮಿನ್ ಡಿ ಒಟ್ಟಿಗೇ ಮಾಡಿಸಿ. ಯಾವ ಗ್ರಂಥಿ ಊದಿದೆ ಅಂತ ಹುಡುಕೋಕೆ ಕುತ್ತಿಗೆ ಅಲ್ಟ್ರಾಸೌಂಡ್, ಸೆಸ್ಟಮಿಬಿ ಸ್ಕ್ಯಾನ್ (ಸ್ವಲ್ಪ ವಿಕಿರಣ ಔಷಧಿ ಚುಚ್ಚಿ ತೆಗೆಯೋದು).

ಸರ್ಜರಿ ವಾರ್ಡ್ ನರ್ಸ್, ಮೈಸೂರು: ಎಲ್ಲರೂ ಆಪರೇಷನ್‌ಗೆ ಹೆದರುತ್ತಾರೆ, ಹೆದರಬೇಕಾದ್ದು ಆಮೇಲಿನ ದಿನಗಳಿಗೆ. ಗ್ರಂಥಿ ತೆಗೆದ ಮೇಲೆ, ಇಷ್ಟು ದಿನ ಕ್ಯಾಲ್ಸಿಯಂ ಕಳೆದುಕೊಂಡು ಹಸಿದ ಮೂಳೆ ರಕ್ತದ ಕ್ಯಾಲ್ಸಿಯಂ ಎಲ್ಲಾ ಎಳೆದುಕೊಳ್ಳುತ್ತೆ. ಎರಡರಿಂದ ನಾಲ್ಕನೇ ದಿನದೊಳಗೆ ತುಂಬಾ ಇಳಿಯೋದು. ಎಎಲ್‌ಪಿ ಜಾಸ್ತಿ ಇದ್ದವರಿಗೆ ಇದು ಹೆಚ್ಚು. ತುಟಿ ಸುತ್ತ ಜುಮ್ಮೆನ್ನೋದು, ಬೆರಳು ಸೆಟೆದುಕೊಳ್ಳೋದು ಕಂಡ ತಕ್ಷಣ ಸಿಸ್ಟರ್‌ನ ಕರೀರಿ, ರಾತ್ರಿ ಎರಡು ಗಂಟೆಯಾದರೂ ಸರಿ. ಡ್ರಿಪ್‌ನಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಹೋಗುವಾಗ ಸೂಜಿ ಜಾಗ ಊದಿದರೆ, ಉರಿದರೆ ಕೂಡಲೇ ಹೇಳಿ. ಹೊರಗೆ ಸೋರಿದರೆ ಚರ್ಮ ಸುಡುತ್ತೆ. ಎಷ್ಟು ಕೊಟ್ಟರೂ ಕ್ಯಾಲ್ಸಿಯಂ ಏರದಿದ್ದರೆ ಮೆಗ್ನೀಸಿಯಂ ನೋಡಿದ್ದಾರಾ ಅಂತ ಕೇಳಿ. ಮನೆಗೆ ಬಂದ ಮೇಲೂ ಕ್ಯಾಲ್ಸಿಯಂ, ಕ್ಯಾಲ್ಸಿಟ್ರಿಯಾಲ್ (ಸಕ್ರಿಯ ವಿಟಮಿನ್ ಡಿ) ಮಾತ್ರೆ ನೀವಾಗೇ ನಿಲ್ಲಿಸಬೇಡಿ.

ಡಯಟಿಷಿಯನ್, ಮೈಸೂರು: ಮುದ್ದೆ ಬಿಡಿಸಬೇಡಿ. ಈ ಕ್ಯಾಲ್ಸಿಯಂ ಬರ್ತಿರೋದು ಮೂಳೆಯಿಂದ, ತಟ್ಟೆಯಿಂದಲ್ಲ. ಊಟದಲ್ಲಿ ಕಡಿಮೆ ಮಾಡಿದಷ್ಟೂ ಗ್ರಂಥಿ ಇನ್ನೂ ಕೆರಳುತ್ತೆ. ನೀರು ಚೆನ್ನಾಗಿ ಕುಡಿಸಿ. ಬಿಪಿಗೆ ಥಯಾಜೈಡ್ (ಮೂತ್ರ ಹೆಚ್ಚಿಸೋ) ಮಾತ್ರೆ ನಡೀತಿದ್ದರೆ ಡಾಕ್ಟರಿಗೆ ತೋರಿಸಿ, ಅದು ಕ್ಯಾಲ್ಸಿಯಂ ಏರಿಸುತ್ತೆ. ಡಯಾಲಿಸಿಸ್‌ನವರು ಮಾತ್ರ ಈ ಮಾತು ತಮಗೂ ಅಂದ್ಕೋಬೇಡಿ, ನಿಮಗೆ ಫಾಸ್ಫರಸ್, ಪೊಟ್ಯಾಸಿಯಂ ಲೆಕ್ಕ ಬೇರೆಯೇ ಇದೆ.