ಕುಕ್ಕರ್ ಆಕಾರದ ಕೇಕ್ ಮಾಡಿದವರು ಯಾರಾದ್ರೂ ಇದ್ದೀರಾ?

ಹಾಸನದ ಮಗಳು: ಅಮ್ಮನಿಗೆ ಬರುವ ತಿಂಗಳು ಅರವತ್ತು ತುಂಬುತ್ತದೆ. ಅವರ ಹಳೇ ಕುಕ್ಕರಿನ ಆಕಾರದಲ್ಲಿ ಕೇಕ್ ಮಾಡುವ ಆಸೆ. ಮೊಟ್ಟೆ ಹಾಕುವಂತಿಲ್ಲ. ಹಿಡಿ ಹೇಗೆ ನಿಲ್ಲಿಸುವುದು? ಮಾಡಿದವರು ಅನುಭವ ಹೇಳಿ.

ಕರಾವಳಿ ಅಡುಗೆಮನೆ: ನಾನು ಮಾಡಿದ್ದು ಹೊಲಿಗೆ ಮಿಷನ್. ಮಂಗಳೂರು, ಜುಲೈ ತಿಂಗಳು. ನಮ್ಮತ್ತೆ ಬಟ್ಟೆ ಹೊಲಿದೇ ಮೂರು ಮಕ್ಕಳನ್ನು ಓದಿಸಿದವರು. ಫಾಂಡಂಟ್ (ಕೇಕಿಗೆ ಹೊದಿಸುವ ಸಕ್ಕರೆ ಹಿಟ್ಟು) ಒಂದೂವರೆ ಕೆಜಿಗೆ 540, ಡಾರ್ಕ್ ಕಾಂಪೌಂಡ್ ಚಾಕೊಲೇಟ್ 380, ಕ್ರೀಮ್ 210, ಕಪ್ಪು ಬಣ್ಣ 95, ಬೋರ್ಡು 60. ಒಟ್ಟು 1,285 ರೂಪಾಯಿ. ಎರಡು ರಾತ್ರಿ ನಿದ್ದೆ ಇಲ್ಲ. ಫ್ರಿಜ್ಜಿಂದ ತೆಗೆದು ಹತ್ತು ನಿಮಿಷ ಆಗಿಲ್ಲ, ಫಾಂಡಂಟ್ ಬೆವರಿತು. ಕಪ್ಪು ಬಣ್ಣ ಇಳಿದು ಬಿಳಿ ಬೋರ್ಡಿನ ಮೇಲೆ ಹರಿಯಿತು. ಸೂಜಿ ಇರುವ ತೋಳು ನಿಧಾನಕ್ಕೆ ಬಾಗಿ ಕೂತೇ ಬಿಟ್ಟಿತು. ಅತ್ತೆ ಏನೂ ಅನ್ನಲಿಲ್ಲ. ಪಕ್ಕದ ಚಕ್ರವನ್ನು ಮಾತ್ರ ಒಂದು ಬೆರಳಲ್ಲಿ ಸವರಿ ನೋಡಿದರು. ಮಳೆಗಾಲದಲ್ಲಿ ಗನಾಶ್‌ಗೆ, ಅಂದರೆ ಕೇಕಿಗೆ ಬಳಿಯುವ ಚಾಕೊಲೇಟ್-ಕ್ರೀಮ್ ಮಿಶ್ರಣಕ್ಕೆ, ಒಂದು ಪಾಲು ಕ್ರೀಮಿಗೆ ಎರಡು ಪಾಲು ಚಾಕೊಲೇಟ್ ಸಾಲದು, ಎರಡೂವರೆ ಹಾಕಿ.

ಧಾರವಾಡ ಪೇಡೆ: ಫಾಂಡಂಟ್ ಯಾಕೆ ಬೇಕ್ರೀ? ಎಲ್ಲರೂ ಸುಲಿದು ತಟ್ಟೆ ಅಂಚಿಗೆ ಇಡುತ್ತಾರೆ. ನಮ್ಮ ಯಜಮಾನರು ನಿವೃತ್ತರಾದಾಗ ನಾನು ಮೂರು ಡಬ್ಬಿಯ ಟಿಫಿನ್ ಕ್ಯಾರಿಯರ್ ಮಾಡಿದೆ, ಪೂರ್ತಿ ಕ್ರೀಮಿನಲ್ಲಿ. ಮೊಸರು ಹಾಕಿದ ಸ್ಪಂಜು ಮೆತ್ತಗೆ. ಬಿಸಿ ಆರಿದ ಕೂಡಲೇ ಚಾಕು ಹಾಕಿದೆ, ಮೊದಲನೆಯದು ಪುಡಿಪುಡಿ. ಎರಡನೆಯದರ ನಡು ಕುಸಿಯಿತು. ಮೂರನೆಯದನ್ನು ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು ಕೊರೆದೆ, ಗೆರೆ ಹೊಡೆದ ಹಾಗೆ ಬಂತು. ಮೈದಾ, ಮಿಲ್ಕ್‌ಮೇಡ್ ಎಲ್ಲ ಸೇರಿ 400 ರೂಪಾಯಿ ದಂಡ. ಆದರೂ ಒಂದು ತುಂಡು ಉಳಿಯಲಿಲ್ಲ.

ಕರಾವಳಿ ಅಡುಗೆಮನೆ: ಧಾರವಾಡದ ಹವೆಯಲ್ಲಿ ಕ್ರೀಮ್ ನಿಲ್ಲುತ್ತದೆ. ಇಲ್ಲಿಗೆ ಬಂದು ಮಾಡಿ ತೋರಿಸಿ, ಆಮೇಲೆ ಮಾತಾಡೋಣ.

ಧಾರವಾಡ ಪೇಡೆ: ಕೇಳಿದ್ದು ಹಾಸನದವರು, ಮಂಗಳೂರಿನವರಲ್ಲ.

ಮೈಸೂರು ಮೊಮ್ಮಗಳು: ಒಂದು ಮಾತು ದಯವಿಟ್ಟು ಕೇಳಿ. ಮೊಟ್ಟೆ ಬಿಟ್ಟರೆ ಸಸ್ಯಾಹಾರ ಆಗಿಬಿಡುವುದಿಲ್ಲ. ನಾನು ಮಾರ್ಷ್‌ಮ್ಯಾಲೊ ಅನ್ನುವ ಮೆತ್ತನೆ ಮಿಠಾಯಿ ಕರಗಿಸಿ ಮನೆಯಲ್ಲೇ ಫಾಂಡಂಟ್ ಮಾಡಿದೆ. ಅದರಲ್ಲಿ ಜೆಲಟಿನ್ ಇರುತ್ತದೆ, ಪ್ರಾಣಿಯ ಮೂಳೆ ಚರ್ಮದ್ದು. ಅಜ್ಜಿ ತಿಂದ ಮೇಲೆ ಗೊತ್ತಾಯಿತು. ಇವತ್ತಿಗೂ ಅವರಿಗೆ ಹೇಳಲು ಧೈರ್ಯ ಬಂದಿಲ್ಲ. ಹಸಿರು ಚುಕ್ಕೆ ನೋಡಿಯೇ ಕೊಳ್ಳಿ. ಬೆಳ್ಳಿ ಬಣ್ಣದ ಪುಡಿಯೂ ಅಷ್ಟೇ. ನಾನ್ ಟಾಕ್ಸಿಕ್ ಅಂದರೆ ತಿನ್ನಬಹುದು ಅಂತಲ್ಲ.

ಧಾರವಾಡ ಪೇಡೆ: ಪುಡಿ ಬೇಡ, ಬೆಳ್ಳಿ ರೇಕು ಹಚ್ಚಿ. ಕುಕ್ಕರ್ ಫಳಫಳ ಅನ್ನುತ್ತದೆ.

ಮೈಸೂರು ಮೊಮ್ಮಗಳು: ರೇಕನ್ನು ಚರ್ಮದ ಹಾಳೆಗಳ ನಡುವೆ ಇಟ್ಟು ಬಡಿಯುತ್ತಿದ್ದರು, ಗೊತ್ತಾ?

ಧಾರವಾಡ ಪೇಡೆ: ಪ್ರಾಣಿಮೂಲದ್ದು ಏನೂ ಬಳಸಬಾರದು ಅಂತ 2016ರಲ್ಲೇ ನಿಯಮ ಬಂದಿದೆ. ಸುಮ್ನೆ ಹೆದರಿಸಬೇಡಿ.

ಮೈಸೂರು ಮೊಮ್ಮಗಳು: ನಿಯಮ ಬಂದರೆ ಎಲ್ಲರೂ ಪಾಲಿಸುತ್ತಾರಾ? ನನಗೆ ಒಮ್ಮೆ ಆದದ್ದೇ ಜಾಸ್ತಿ.

ಹಾಸನದ ಮಗಳು: ಹಿಡಿ ವಿಷಯ ಯಾರಾದ್ರೂ ಹೇಳ್ತೀರಾ?

ಕರಾವಳಿ ಅಡುಗೆಮನೆ: ಕಾಲು ಕೆಜಿ ಫಾಂಡಂಟ್‌ಗೆ ಒಂದು ಚಮಚ ಸಿಎಂಸಿ ಪುಡಿ (ಫಾಂಡಂಟ್ ಗಟ್ಟಿಯಾಗಿ ಒಣಗಲು ಹಾಕುವ ಅಂಟಿನ ಪುಡಿ) ಕಲಸಿ. ಒಳಗೆ ಬಿದಿರಿನ ಕಡ್ಡಿ, ಎರಡು ಇಂಚು ಆಚೆ ಬಿಡಿ. ಫ್ಯಾನಿನ ಕೆಳಗೆ ಮೂರು ದಿನ ಒಣಗಲಿ, ಫ್ರಿಜ್‌ನಲ್ಲಿ ಇಡಲೇಬೇಡಿ. ಕೇಕ್ ಕತ್ತರಿಸುವ ಅರ್ಧ ಗಂಟೆ ಮುಂಚೆ ಚುಚ್ಚಿ. ನಾನು ಆ ತೋಳನ್ನು ಹಿಂದಿನ ರಾತ್ರಿಯೇ ಚುಚ್ಚಿದ್ದೆ.