ಕರ್ಣಪರ್ವದ ನಡುವೆ ಸಾಲದ ಜಾಹೀರಾತು

ಕುಂದಾಪ್ರ ಕಿವಿ: ನಿನ್ನೆ ರಾತ್ರಿ ಅಪ್ಪ ಫೋನಿನಲ್ಲಿ ಯೂಟ್ಯೂಬ್ ಹಾಕಿ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಮಾತಾಡುವ ಯಕ್ಷಗಾನ) ಕೇಳುತ್ತಿದ್ದರು. ಕರ್ಣಪರ್ವ. ರಥದ ಗಾಲಿ ಹೂತಿದೆ. ಪಾತ್ರದ ಮಾತಾಡುವ ಅರ್ಥಧಾರಿ ದನಿ ತಗ್ಗಿಸಿ ಮಾತು ಶುರು ಮಾಡಿದ್ದಾರೆ. ಅಷ್ಟರಲ್ಲಿ 'ಐದೇ ನಿಮಿಷದಲ್ಲಿ ಸಾಲ!' ಅಂತ ಒಬ್ಬಳು ಕಿರುಚಿದಳು. ಅಪ್ಪನಿಗೆ ಕನ್ನಡಕ ಇಲ್ಲದೆ 'ಸ್ಕಿಪ್' ಕಾಣುವುದಿಲ್ಲ. ಎರಡು ಗಂಟೆಯಲ್ಲಿ ಹೀಗೆ ಹನ್ನೊಂದು ಸಲ. ಕೊನೆಗೆ ಫೋನ್ ಮಗುಚಿಟ್ಟು ಮಲಗಿದರು. ಬೇರೆ ದಾರಿಯೇ ಇಲ್ವಾ?

ಮದ್ದಳೆ ಮನೆ: ನಾನು ಯಕ್ಷಗಾನದ ಆಟ ರೆಕಾರ್ಡ್ ಮಾಡಿ ಹಾಕುವವನು. ಬೈಯುವ ಮೊದಲು ನನ್ನ ಕಷ್ಟವನ್ನೂ ಕೇಳಿ. ರಾತ್ರಿಯಿಡೀ ಎರಡು ಕ್ಯಾಮರಾ, ಬೆಳಗ್ಗೆ ಬಂದು ಎಡಿಟಿಂಗ್. ಯೂಟ್ಯೂಬ್‌ನಲ್ಲಿ ಉದ್ದ ವಿಡಿಯೋದ ಜಾಹೀರಾತಿನ ದುಡ್ಡಲ್ಲಿ ನೂರಕ್ಕೆ 55 ಚಾನೆಲಿಗೆ. ಆದರೆ 100 ಡಾಲರ್ ಸೇರುವ ತನಕ ಕೈಗೆ ಬರಲ್ಲ. ನನಗೆ ಅಷ್ಟಾಗಲು ಐದು ತಿಂಗಳು ಬೇಕಾಯಿತು. ಅದೂ ಬೇಡ ಅಂದರೆ ಕ್ಯಾಮರಾ ಮಾರಬೇಕು.

ಸಾಗರದವಳು: ನಿಮಗೆ ಅಷ್ಟಾದರೂ ಬರುತ್ತದೆ. 1,000 ಚಂದಾದಾರರು, ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಮುಟ್ಟದ ಸಣ್ಣ ಚಾನೆಲಿಗೆ ಪಾಲೇ ಇಲ್ಲ. 2021ರಿಂದ ಭಾರತದಲ್ಲೂ ಅಂಥವರ ವಿಡಿಯೋಗಳಿಗೆ ಯೂಟ್ಯೂಬ್ ಜಾಹೀರಾತು ಹಾಕಬಹುದು, ದುಡ್ಡು ಪೂರ್ತಿ ಕಂಪನಿಗೆ. ನಾವು ಸಹಿಸಿಕೊಂಡಿದ್ದು ಹಾಡಿದವರಿಗೇ ಸೇರಿತು ಅಂದುಕೊಳ್ಳಬೇಡಿ.

ನಂಜನಗೂಡು ರಸಬಾಳೆ: ಯೂಟ್ಯೂಬ್ ಪ್ರೀಮಿಯಂ ತಗೊಳ್ಳಿ, ತಿಂಗಳು ತಿಂಗಳು ಕಟ್ಟಿದರೆ ಜಾಹೀರಾತು ಬರಲ್ಲ. ಅದರಲ್ಲೂ ನೋಡಿದ ಚಾನೆಲಿಗೆ ಪಾಲು ಹೋಗುತ್ತದೆ.

ಕುಂದಾಪ್ರ ಕಿವಿ: ನಾನು ಕೊಟ್ಟೇನು. ಅಪ್ಪನ ಜೊತೆ ಜಗಲಿಯಲ್ಲಿ ಕೂತು ಕೇಳುವ ಇನ್ನು ನಾಲ್ಕು ಮಂದಿ ತಂತಮ್ಮ ಫೋನಿಗೆ ತಿಂಗಳು ತಿಂಗಳು ಕಟ್ಟಲ್ಲ.

ಚೌಕಿ ದೀಪ: ಎಲ್ಲರೂ ಯಾಕೆ ಕಟ್ಟಬೇಕು? ದೇವರಿಗೆ ಹೇಳಿಕೊಂಡು ಆಡಿಸುವ ಹರಕೆ ಆಟ ನೋಡಿಲ್ವಾ? ಒಂದು ಮನೆಯವರು ಆಡಿಸುತ್ತಾರೆ, ಊರಿಡೀ ಚಾಪೆ ಹಾಸಿಕೊಂಡು ನೋಡುತ್ತದೆ. ಟಿಕೆಟ್ ಇಲ್ಲ. ಕಟೀಲು ದೇವಿ ದೇವಸ್ಥಾನದ ಯಕ್ಷಗಾನ ಮೇಳದ ಆಟಕ್ಕೆ ಜನ ವರ್ಷಗಟ್ಟಲೆ ಕಾಯುತ್ತಾರೆ. ವಿಕಿಪೀಡಿಯವೂ ಹಾಗೆಯೇ. ಕೊಡುವವರು ಕೆಲವರು, ಓದುವವರು ಎಲ್ಲರೂ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತಿಲ್ಲದೆ ಓದುಗರ ಕಾಸಿನಲ್ಲೇ ನಡೆಯಿತು.

ಮದ್ದಳೆ ಮನೆ: ಹರಕೆಯ ಹಿಂದೆ ದೇವಿಯ ಮೇಲಿನ ಭಕ್ತಿ ಇದೆ ಸ್ವಾಮಿ. ನನ್ನ ಕ್ಯಾಮರಾಕ್ಕೆ ಯಾರು ಹರಕೆ ಹೇಳಿಕೊಳ್ಳುತ್ತಾರೆ? ವಿಡಿಯೋದ ಕೆಳಗೆ ಯುಪಿಐ ನಂಬರ್ ಹಾಕಿ ವರ್ಷವಾಯಿತು. ಮೂರು ಜನ ಕಳಿಸಿದರು.

ಸಾಗರದವಳು: ಕೆಳಗೆ ಹಾಕಿದರೆ ಯಾರು ನೋಡ್ತಾರೆ? ಆಟ ಆಡಿಸಿದವರ ಹೆಸರನ್ನು ರಂಗಸ್ಥಳದಲ್ಲೇ ಹೇಳುತ್ತಾರೆ ಅಲ್ವಾ? ಹಾಗೆ ಮೊದಲಿಗೇ ಹೇಳಿ: 'ಈ ರೆಕಾರ್ಡಿಂಗ್ ಇಂಥವರ ಅಜ್ಜಿಯ ನೆನಪಿಗೆ.' ಒಂದು ರಾತ್ರಿಯ ಖರ್ಚು ಒಬ್ಬರೋ ನಾಲ್ವರೋ ಹೊರಲಿ. ನಡುವಿನ ಜಾಹೀರಾತು ತೆಗೆಯುವುದು ನಿಮ್ಮ ಕೈಯಲ್ಲೇ ಇದೆ. ಬೇಕಿದ್ದರೆ ಶುರುವಿನಲ್ಲಿ ಒಂದು ಇರಲಿ.

ಮದ್ದಳೆ ಮನೆ: ಪದ್ಯದ ನಡುವೆ ಬರುವುದು ನನಗೂ ಸಂಕಟವೇ. ಖರ್ಚು ಹೊರುವವರು ಸಿಕ್ಕರೆ ಇವತ್ತೇ ತೆಗೆಯುತ್ತೇನೆ.

ಕುಂದಾಪ್ರ ಕಿವಿ: ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಒಂದು ರಾತ್ರಿಗೆ ಎಷ್ಟಾಗುತ್ತದೆ ಅಂತ ಕೇಳುತ್ತಿದ್ದಾರೆ. ಅಮ್ಮನ ಹೆಸರು ಹೇಳಬೇಕಂತೆ. ಪ್ರಸಂಗ ಕರ್ಣಪರ್ವವೇ ಆಗಬೇಕಂತೆ.